ಅಭ್ಯರ್ಥಿಯ ಭರವಸೆಯೂ ಗ್ರಾಮದ ಆದ್ಯತೆಯೂ



ಗ್ರಾಮ ಪಂಚಾಯಿತಿಯ ಸ್ಥಾನಕ್ಕೆ ಸ್ಪರ್ಧಿಸುವವರು ಮತದಾರರ ಮುಂದೆ ಇಡುವ ಭರವಸೆಗಳಲ್ಲಿ ಕೆಲವನ್ನು ಸದಸ್ಯರಾದ ಬಳಿಕ ಈಡೇರಿಸುವ ಅಧಿಕಾರ ಅವರಿಗೆ ಇರುತ್ತದೆ. ಹಲವನ್ನು ಈಡೇರಿಸುವ ಅಧಿಕಾರ ಇರುವುದಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಗೆದ್ದುಬಂದವರು ಮೊದಲ ವರ್ಷವನ್ನು ಕಚೇರಿಯೊಡನೆ ವಾದಿಸುವುದರಲ್ಲಿಯೂ, ಎರಡನೆಯ ವರ್ಷವನ್ನು ಮತದಾರರಿಗೆ ಸಮಜಾಯಿಷಿ ಹೇಳುವುದರಲ್ಲಿಯೂ ಕಳೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮತ್ತೆ ಸ್ಪರ್ಧಿಸಲು ಇಚ್ಛಿಸುವ ಹಾಲಿ ಸದಸ್ಯರಿಗೂ, ತಮ್ಮ ವಾರ್ಡಿನಿಂದ ಹೊಸಬರನ್ನು ನಿಲ್ಲಿಸಲು ಆಲೋಚಿಸುತ್ತಿರುವವರಿಗೂ ಉಪಯೋಗವಾಗಲೆಂದು ಈ ಅಧ್ಯಯನ ಲೇಖನವನ್ನು ಸಿದ್ಧಪಡಿಸಲಾಗಿದೆ. ಯಾರು ಗೆಲ್ಲಬೇಕು ಎಂಬುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ವಿಷಯವಲ್ಲ. ಗೆದ್ದವರು ಯಾವ ಕಾಮಗಾರಿಯನ್ನು ಮೊದಲು ಕೈಗೆತ್ತಿಕೊಳ್ಳುತ್ತಾರೆ ಎಂಬುದು ಮಾತ್ರ ನಮ್ಮ ದಿನನಿತ್ಯದ ವಿಷಯ.

ಸ್ಥಾನದ ಸ್ವರೂಪವನ್ನು ಮೊದಲು ಗಮನಿಸೋಣ. ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದೇ ವರ್ಷದ ಮೇ 10ರಿಂದ ನಮ್ಮ ರಾಜ್ಯದ ಪಂಚಾಯತ್ ರಾಜ್ ಅಧಿನಿಯಮ ಅನುಷ್ಠಾನಗೊಂಡಿತು. ಇಂದು ಅದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಎಂಬ ಹೆಸರಿನಲ್ಲಿದೆ. ಅದರಂತೆ ಪ್ರತಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಶಾಸಕರಿಗಾಗಲಿ ಸಂಸದರಿಗಾಗಲಿ ಇಷ್ಟು ಚಿಕ್ಕ ಕ್ಷೇತ್ರವಿಲ್ಲ. 400 ಜನರೆಂದರೆ ಸರಿಸುಮಾರು ನೂರು ಮನೆ. ಯಾವ ಮನೆಯ ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಯಾವ ಮಗು ಶಾಲೆ ಬಿಟ್ಟಿದೆ, ಯಾವ ವೃದ್ಧೆಯ ಪಿಂಚಣಿ ನಿಂತಿದೆ ಎಂಬುದನ್ನು ಹೆಸರು ಹಿಡಿದು ಹೇಳಬಲ್ಲ ಏಕೈಕ ಚುನಾಯಿತ ಪ್ರತಿನಿಧಿ ಗ್ರಾಮ ಪಂಚಾಯಿತಿ ಸದಸ್ಯರೇ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದಕ್ಕೆ ಇರುವ ಅರ್ಥವೂ ಇದೇ. ನೂರು ಮನೆಯ ಕಷ್ಟಕ್ಕೆ ಪಕ್ಷ ಬೇಕಿಲ್ಲ.

ಆದರೆ ಈ ಅರ್ಥವನ್ನು ಕೆಡಿಸುವ ಪದ್ಧತಿಗಳೂ ಬೆಳೆದಿವೆ. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ಚುನಾವಣೆ ನಡೆದಾಗ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ವರದಿಗಳು ಬಂದವು. ರಾಜ್ಯ ಚುನಾವಣಾ ಆಯೋಗವು ಕ್ರಮದ ಎಚ್ಚರಿಕೆ ನೀಡಬೇಕಾಯಿತು. ಹಣ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹೋಗುತ್ತದೆಯಲ್ಲವೇ, ಊರಿಗೇ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಲಕ್ಷಗಟ್ಟಲೆ ಕೊಟ್ಟು ಸ್ಥಾನ ಪಡೆದವರು ಆ ಹಣವನ್ನು ಯಾವ ಕಾಮಗಾರಿಯಿಂದ ಹಿಂಪಡೆಯುವರು ಎಂಬ ಪ್ರಶ್ನೆಯನ್ನು ಅಂಥವರು ಕೇಳಿಕೊಳ್ಳುವುದಿಲ್ಲ. ಪಂಚಾಯಿತಿಯ ಗುತ್ತಿಗೆಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲು ಹೊಂದುವುದು ಅಧಿನಿಯಮದ ಪ್ರಕರಣ 12ರಂತೆ ಸದಸ್ಯತ್ವಕ್ಕೆ ಅನರ್ಹತೆಯಾಗಿದೆ. ಹರಾಜಿನಲ್ಲಿ ಸೋತವರ ವಾರ್ಡಿನಲ್ಲಿ ಮತ ಚಲಾಯಿಸುವ ಅವಕಾಶವೇ ಇಲ್ಲದಂತಾಗುವುದು ಇದಕ್ಕಿಂತಲೂ ದೊಡ್ಡ ನಷ್ಟ.

ಮಹಿಳೆಯರಿಗೆ ನಮ್ಮ ರಾಜ್ಯದಲ್ಲಿ ಶೇ. 50ರಷ್ಟು ಮೀಸಲಾತಿ ಇದೆ. ಸದಸ್ಯೆಯ ಬದಲಿಗೆ ಅವರ ಪತಿ ಸಭೆಗೆ ಬಂದು ಕೂರುವುದಕ್ಕೆ ಯಾವ ಕಾನೂನಿನಲ್ಲಿಯೂ ಅವಕಾಶವಿಲ್ಲ. ಇಷ್ಟು ಹೇಳಿದರೆ ಸಾಕೆಂದು ಭಾವಿಸುತ್ತೇನೆ.

ಇನ್ನು ಭರವಸೆಗಳ ವಿಷಯ. "ಮನೆ ಕೊಡಿಸುತ್ತೇನೆ" ಎಂಬುದು ಪ್ರಚಾರದಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು. ವಸತಿ ಯೋಜನೆಯ ಗುರಿಯನ್ನು ನಿಗದಿಪಡಿಸುವುದು ಸರ್ಕಾರ. ಫಲಾನುಭವಿಯನ್ನು ಆಯ್ಕೆ ಮಾಡುವುದು ಗ್ರಾಮ ಸಭೆ. ಸದಸ್ಯರು ಮಾಡಬಹುದಾದದ್ದು ಅರ್ಹರ ಹೆಸರು ಪಟ್ಟಿಯಿಂದ ತಪ್ಪಿಹೋಗದಂತೆ ನೋಡಿಕೊಳ್ಳುವುದು. ಇದು ಸಣ್ಣ ಕೆಲಸವಲ್ಲ; ಆದರೆ "ಕೊಡಿಸುವುದು" ಅಲ್ಲ. "ಕಂದಾಯ ಮನ್ನಾ ಮಾಡಿಸುತ್ತೇನೆ" ಎಂಬುದು ಮತ್ತೊಂದು. ಮನೆ ತೆರಿಗೆ ಮತ್ತು ನೀರಿನ ಶುಲ್ಕ ವಿಧಿಸಿ ವಸೂಲು ಮಾಡುವುದು ಪಂಚಾಯಿತಿಯ ಕರ್ತವ್ಯವೇ ಹೊರತು ಯಾವೊಬ್ಬ ಸದಸ್ಯನ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ. ಇಂಥ ಮಾತನ್ನು ನಂಬಿ ಒಂದು ವಾರ್ಡಿನ ಜನ ಎರಡು ವರ್ಷ ಶುಲ್ಕ ಕಟ್ಟದೆ ಉಳಿದರೆ, ಕರ ವಸೂಲಿಗಾರರು ಬಾಕಿಯ ಮೊತ್ತ ಹೇಳಿದ ದಿನ ಆ ಮನೆಗಳವರ ಸಿಟ್ಟು ಸದಸ್ಯರ ಬಾಗಿಲಿಗೇ ಬರುತ್ತದೆ.

ಅಧಿನಿಯಮದ ಪ್ರಕರಣ 58ನ್ನು ಒಮ್ಮೆ ಓದಿದರೆ ಪ್ರಚಾರದ ಮಾತಿಗೂ ಕಾನೂನಿನ ಮಾತಿಗೂ ಇರುವ ಅಂತರ ತಿಳಿಯುತ್ತದೆ. ಅಗತ್ಯ ಸಂಪನ್ಮೂಲವನ್ನು ಕ್ರೋಡೀಕರಿಸಿಕೊಂಡು ನೀರು ಸರಬರಾಜು ವ್ಯವಸ್ಥೆಯನ್ನು ನಿರ್ವಹಿಸುವುದು, ವಿದ್ಯುತ್ ಶುಲ್ಕವನ್ನು ಕ್ರಮವಾಗಿ ಪಾವತಿಸುವುದು, ಎಲ್ಲ ಮಕ್ಕಳೂ ಶಾಲೆಗೆ ದಾಖಲಾಗುವಂತೆ ಮಾಡುವುದು, ಲಸಿಕೆ, ಜನನ ಮರಣಗಳ ನೋಂದಣಿ, ಸಮುದಾಯದ ಆಸ್ತಿಗಳ ನಿರ್ವಹಣೆ: ಇವು ಪಂಚಾಯಿತಿಯ ಕಡ್ಡಾಯ ಕರ್ತವ್ಯಗಳು. ಸ್ವಾಗತ ಕಮಾನು ಅದರಲ್ಲಿಲ್ಲ. ಮರಣ ನೋಂದಣಿಯನ್ನು ಸರಿಪಡಿಸುತ್ತೇನೆಂದು ಕರಪತ್ರ ಹಂಚಿದ ಅಭ್ಯರ್ಥಿಯನ್ನು ನಾನು ಇದುವರೆಗೆ ಕಂಡಿಲ್ಲ. ಆದರೆ ಪತಿಯ ಮರಣ ಪ್ರಮಾಣಪತ್ರವಿಲ್ಲದೆ ವಿಧವಾ ವೇತನಕ್ಕಾಗಿ ತಿಂಗಳುಗಟ್ಟಲೆ ಅಲೆದವರನ್ನು ಕಂಡಿದ್ದೇನೆ.

ಹಣದ ಲೆಕ್ಕಕ್ಕೆ ಬರೋಣ. 15ನೇ ಹಣಕಾಸು ಆಯೋಗವು 2021-26ರ ಅವಧಿಗೆ ಪಂಚಾಯಿತಿಗಳ ಅನುದಾನದಲ್ಲಿ ಶೇ. 60ನ್ನು ನಿರ್ಬಂಧಿತ ಅನುದಾನವೆಂದು ನಿಗದಿಪಡಿಸಿತು: ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹಣೆ ಮತ್ತು ನೀರಿನ ಮರುಬಳಕೆಗೆ, ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ ಶೇ. 40 ಮುಕ್ತ ಅನುದಾನ. ಅದನ್ನೂ ವೇತನಕ್ಕೆ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿಲ್ಲ. 6,400 ಜನಸಂಖ್ಯೆಯ, 16 ಸದಸ್ಯರ ಒಂದು ಪಂಚಾಯಿತಿಗೆ ವರ್ಷಕ್ಕೆ 30 ಲಕ್ಷ ರೂಪಾಯಿ ಬಂದಿತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 18 ಲಕ್ಷ ನೀರಿಗೂ ನೈರ್ಮಲ್ಯಕ್ಕೂ ಮೊದಲೇ ಮೀಸಲು. ಉಳಿದ 12 ಲಕ್ಷದ ವಿಷಯದಲ್ಲಿ ಅನೇಕ ಪಂಚಾಯಿತಿಗಳಲ್ಲಿ ನಡೆಯುವುದೇನು? ಸಭೆಯಲ್ಲಿ ಯಾರೋ ಒಬ್ಬರು "ಎಲ್ಲರಿಗೂ ಸಮ ಮಾಡಿಬಿಡಿ" ಎನ್ನುತ್ತಾರೆ. 12 ಲಕ್ಷವನ್ನು 16ರಿಂದ ಭಾಗಿಸಿದರೆ 75,000 ಬರುತ್ತದೆ. ಪ್ರತಿ ವಾರ್ಡಿಗೂ ಎಪ್ಪತ್ತೈದು ಸಾವಿರದ ಒಂದು ಕಾಮಗಾರಿ. ಯಾರಿಗೂ ಬೇಸರವಿಲ್ಲ, ಸಭೆ ಬೇಗ ಮುಗಿಯಿತು.

ಈ ಸಮ ಹಂಚಿಕೆಯೇ ನಮ್ಮ ಗ್ರಾಮಗಳ ಅಭಿವೃದ್ಧಿಗೆ ಅತಿ ದೊಡ್ಡ ತೊಡಕು ಎಂಬುದು ನನ್ನ ಅಭಿಪ್ರಾಯ. ಎಪ್ಪತ್ತೈದು ಸಾವಿರಕ್ಕೆ ಚರಂಡಿಯ ಒಂದು ತುಣುಕು ಆಗುತ್ತದೆ. ಆ ತುಣುಕಿನ ನೀರು ಎಲ್ಲಿಗೆ ಹೋಗಬೇಕೆಂಬುದು ಮುಂದಿನ ವರ್ಷದ ಪ್ರಶ್ನೆ. ಚರಂಡಿಗೆ 250ಕ್ಕೆ 1ರಷ್ಟು ಇಳಿಜಾರು ಕೊಡುವುದಾದರೆ 100 ಮೀಟರಿಗೆ 40 ಸೆಂಟಿಮೀಟರ್ ಇಳಿತ ಬೇಕು. ಆದ್ದರಿಂದ ನೀರು ಕೊನೆಗೆ ಸೇರುವ ಹಳ್ಳದಿಂದಲೋ ಕಾಲುವೆಯಿಂದಲೋ ಮಟ್ಟ ಹಿಡಿದು ಮೇಲಕ್ಕೆ ಬರಬೇಕು. ಮೇಲಿನ ಬೀದಿಯ ಸದಸ್ಯರು ಮೊದಲು ತಮ್ಮ ತುಣುಕು ಕಟ್ಟಿಸಿಕೊಂಡರೆ ಕೆಳಗಿನ ಬೀದಿಯ ಮನೆ ಮುಂದೆ ಕೊಳಚೆ ನಿಲ್ಲುತ್ತದೆ, ಸೊಳ್ಳೆ ಹೆಚ್ಚುತ್ತದೆ, ಡೆಂಗೀ ಬರುತ್ತದೆ. ಹಂಚಿಕೆಯ ಲೆಕ್ಕದಲ್ಲಿ ಇಬ್ಬರಿಗೂ ನ್ಯಾಯವಾಗಿದೆ. ನೀರಿನ ಲೆಕ್ಕದಲ್ಲಿ ಇಬ್ಬರಿಗೂ ಅನ್ಯಾಯವಾಗಿದೆ.

ಸಿಸಿ ರಸ್ತೆಯದ್ದೂ ಇದೇ ಕಥೆ. ರಸ್ತೆ ಕಣ್ಣಿಗೆ ಕಾಣುತ್ತದೆ, ಉದ್ಘಾಟನೆಗೆ ಅನುಕೂಲ, ಫಲಕ ಹಾಕಬಹುದು. 100 ಮೀಟರ್ ಉದ್ದ, 4 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ರಸ್ತೆಗೆ 60 ಘನ ಮೀಟರ್ ಕಾಂಕ್ರೀಟ್ ಬೇಕು. ಅದನ್ನು ಹಾಕಿದ ವರ್ಷದೊಳಗೇ ನೀರಿನ ಕೊಳವೆಗಾಗಿ ನಡುವೆ ಅಗೆದರೆ, ಮುಚ್ಚಿದ ಗುಂಡಿ ಮೊದಲ ಮಳೆಗೇ ಕುಸಿಯುತ್ತದೆ. ಜಲ ಜೀವನ್ ಮಿಷನ್ ಕೊಳವೆಗಳನ್ನು ಹಾಕುವಾಗ ಅನೇಕ ಊರುಗಳು ಇದನ್ನು ಅನುಭವಿಸಿವೆ. ಮೊದಲು ಕೊಳವೆ, ನಂತರ ಚರಂಡಿ, ಕೊನೆಗೆ ರಸ್ತೆ: ಇದು ತಾಂತ್ರಿಕ ಕ್ರಮ, ರಾಜಕೀಯ ಕ್ರಮವಲ್ಲ. ಹಳೆಯ ಕಾಂಕ್ರೀಟಿನ ಮೇಲೆಯೇ ಹೊಸದನ್ನು ಹಾಕುತ್ತ ಹೋದರೆ ರಸ್ತೆಯ ಮಟ್ಟ ಮನೆಯ ಹೊಸ್ತಿಲಿಗಿಂತ ಮೇಲೇರಿ ಮಳೆನೀರು ಒಳಗೆ ನುಗ್ಗುತ್ತದೆ ಎಂಬುದನ್ನೂ ನೆನಪಿಡಬೇಕು. ಹಳೆಯ ಮನೆಗಳ ಬಡವರೇ ಇದರಿಂದ ಹೆಚ್ಚು ನೊಂದವರು.

ಕುಡಿಯುವ ನೀರಿನ ಬಗ್ಗೆ ಸ್ವಲ್ಪ ದೀರ್ಘವಾಗಿ ಹೇಳಬೇಕಿದೆ. ಅಬ್ದುಲ್ ನಜೀರ್ ಸಾಬ್ ಅವರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಹಳ್ಳಿಹಳ್ಳಿಗೂ ಕೊಳವೆಬಾವಿ ಕೊರೆಯಿಸಿ "ನೀರ್ ಸಾಬ್" ಎನಿಸಿಕೊಂಡರು. ಅಂದಿನ ಕೊರತೆಗೆ ಅದು ತಕ್ಕ ಪರಿಹಾರವಾಗಿತ್ತು. ಇಂದು ಬಹುತೇಕ ಊರುಗಳಲ್ಲಿ ಕೊಳವೆಬಾವಿ ಇದೆ, ಮೇಲ್ತೊಟ್ಟಿ ಇದೆ, ಮನೆ ಮನೆಗೂ ನಲ್ಲಿ ಇದೆ, ಆದರೂ ನೀರಿಲ್ಲ. ಪ್ರಚಾರದಲ್ಲಿ ಮಾತ್ರ ಈಗಲೂ ಅದೇ ಭರವಸೆ: "ಹೊಸ ಬೋರ್ ಕೊರೆಯಿಸುತ್ತೇನೆ."

ಒಂದು ಲೆಕ್ಕ ಮಾಡಿ ನೋಡೋಣ. ಊರಿನ ಜನಸಂಖ್ಯೆ 1,600. ಅಂದರೆ ನಾಲ್ವರು ಸದಸ್ಯರ ಊರು. ಜಲ ಜೀವನ್ ಮಿಷನ್ ಮಾನದಂಡದಂತೆ ತಲಾ ದಿನಕ್ಕೆ 55 ಲೀಟರಿನಂತೆ 88,000 ಲೀಟರ್ ಬೇಕು. ಕೊಳವೆಬಾವಿಯ ಇಳುವರಿ ಗಂಟೆಗೆ 12,000 ಲೀಟರ್ ಇದ್ದರೆ ಏಳು ಗಂಟೆ ಇಪ್ಪತ್ತು ನಿಮಿಷ ಪಂಪು ನಡೆದರೆ ಸಾಕು. ಆದರೆ ನೂರು ಲೀಟರಿನಲ್ಲಿ 25 ಲೀಟರ್ ದಾರಿಯಲ್ಲೇ ಸೋರಿಹೋದರೆ 1,17,000 ಲೀಟರಿಗೂ ಹೆಚ್ಚು ಎತ್ತಬೇಕು. ಪಂಪು ಸುಮಾರು ಹತ್ತು ಗಂಟೆ ನಡೆಯಬೇಕು. ಏಳು ಗಂಟೆ ಮಾತ್ರ ತ್ರೀಫೇಸ್ ವಿದ್ಯುತ್ ದೊರೆಯುವ ಕಡೆ ಇದು ಅಸಾಧ್ಯ. ಆಗ ಊರು "ನೀರು ಸಾಲದು" ಎನ್ನುತ್ತದೆ, ಸದಸ್ಯರು "ಬೋರ್ ಕೊರೆಯಿಸೋಣ" ಎನ್ನುತ್ತಾರೆ. ವಾಸ್ತವದಲ್ಲಿ ನೀರು ಸಾಕಷ್ಟಿದೆ. ಕೊಳವೆಯ ಕೀಲುಗಳಲ್ಲಿಯೂ ತಿರುಪು ಇಲ್ಲದ ನಲ್ಲಿಗಳಲ್ಲಿಯೂ ಅದು ಹರಿದುಹೋಗುತ್ತಿದೆ. ಸೋರಿಕೆಗೆ ನಾವು ಹಣವನ್ನೂ ತೆರುತ್ತೇವೆ. 7.5 ಅಶ್ವಶಕ್ತಿಯ ಪಂಪು ದಿನಕ್ಕೆ ಎರಡೂವರೆ ಗಂಟೆ ಹೆಚ್ಚುವರಿಯಾಗಿ ನಡೆದರೆ ವರ್ಷಕ್ಕೆ ಸುಮಾರು 5,100 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಬೀದಿ ದೀಪದ ಲೆಕ್ಕ ಇದಕ್ಕಿಂತ ಸರಳ: 20 ವ್ಯಾಟಿನ ನೂರು ದೀಪಗಳು ಹಗಲು ಹನ್ನೆರಡು ಗಂಟೆಯೂ ಉರಿದರೆ ದಿನಕ್ಕೆ 24 ಯೂನಿಟ್, ವರ್ಷಕ್ಕೆ 8,760 ಯೂನಿಟ್. ಎಸ್ಕಾಂ ಬಾಕಿಯ ಬಗ್ಗೆ ಸಭೆಯಲ್ಲಿ ಏರುದನಿಯಲ್ಲಿ ಮಾತನಾಡುವವರು ಒಂದು ಮಧ್ಯಾಹ್ನ ಊರು ಸುತ್ತಿ ಬಂದರೆ ಒಳ್ಳೆಯದು.

ನಾನು ಕೆಲಸ ಮಾಡಿದ ಒಂದು ಪಂಚಾಯಿತಿಯ ಮಹಿಳಾ ಗ್ರಾಮ ಸಭೆಯಲ್ಲಿ ನೀರಿನ ವಿಷಯ ಬಂದಾಗ ವೇದಿಕೆಯಲ್ಲಿದ್ದವರೆಲ್ಲ ಹೊಸ ಮೇಲ್ತೊಟ್ಟಿಯ ಅಂದಾಜು ಪಟ್ಟಿಯನ್ನು ಚರ್ಚಿಸುತ್ತಿದ್ದರು. ಹಿಂದೆ ಕುಳಿತಿದ್ದ ಹಿರಿಯ ಹೆಂಗಸೊಬ್ಬರು ಎದ್ದು, "ಟ್ಯಾಂಕು ತುಂಬಿರ್ತೈತೆ ಸಾಮಿ. ನಮ್ ಕಾಲೋನಿಗೆ ನೀರು ಹತ್ತೋ ಹೊತ್ಗೆ ನೀರ್‌ಗಂಟಿ ವಾಲ್ ಕಟ್ತಾನೆ. ಅವ್ನ ತಪ್ಪೂ ಅಲ್ಲ, ಮೇಲ್ಗಡೆ ಬೀದಿಯೋರು ಮೋಟ್ರು ಇಟ್ಟು ಎಳ್ಕಂತಾರೆ" ಎಂದರು. ಮರುದಿನ ಬೆಳಿಗ್ಗೆ ಹೋಗಿ ನೋಡಿದಾಗ ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅಲ್ಲಿ ಬೇಕಿದ್ದದ್ದು ಹೊಸ ತೊಟ್ಟಿಯಲ್ಲ. ಊರನ್ನು ಎರಡು ಭಾಗ ಮಾಡುವ ಎರಡು ಗೇಟ್ ವಾಲ್ವ್, ದಿನ ಬಿಟ್ಟು ದಿನ ಯಾರಿಗೆ ಮೊದಲು ನೀರು ಎಂಬ ಪಟ್ಟಿ, ಮತ್ತು ಕೊಳವೆಗೆ ನೇರ ಮೋಟಾರು ಜೋಡಿಸಿದವರಿಗೆ ಸಂಕೋಚವಿಲ್ಲದೆ ನೋಟಿಸು. ಮೊದಲ ಎರಡಕ್ಕೆ ಹೆಚ್ಚು ಹಣ ಬೇಕಾಗಲಿಲ್ಲ. ಮೂರನೆಯದಕ್ಕೆ ಹಣ ಬೇಕಿರಲಿಲ್ಲ, ಸದಸ್ಯರ ಧೈರ್ಯ ಬೇಕಿತ್ತು. ಏಕೆಂದರೆ ಮೋಟಾರು ಇಟ್ಟವರೂ ಮತದಾರರೇ. ನಾಲ್ವರು ಸದಸ್ಯರಲ್ಲಿ ಇಬ್ಬರು ಸಹಿ ಹಾಕಲು ಹಿಂಜರಿದರು. ಮೇಲಿನ ಬೀದಿಯ ಸದಸ್ಯೆಯೇ ಮುಂದೆ ಬಂದು ಮೊದಲು ತಮ್ಮ ಮೈದುನನ ಮನೆಯ ಮೋಟಾರನ್ನು ತೆಗೆಸಿದ ಮೇಲೆ ಉಳಿದವರು ಮಾತನಾಡಲಿಲ್ಲ.

ನೀರಿನ ಗುಣಮಟ್ಟವನ್ನೂ ಇದೇ ಸಾಲಿನಲ್ಲಿ ಸೇರಿಸಬೇಕು. ಭಾರತೀಯ ಮಾನಕದಂತೆ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಾಗ 1.5ರವರೆಗೆ ಮಾತ್ರ ಅವಕಾಶ. ನೈಟ್ರೇಟ್ ಮಿತಿ 45 ಮಿಲಿಗ್ರಾಂ. ಇನ್ನಷ್ಟು ಆಳಕ್ಕೆ ಕೊರೆದ ಬಾವಿಯಲ್ಲಿ ನೀರು ಸಿಕ್ಕಿತೆಂದು ಸಂಭ್ರಮಿಸುವ ಮೊದಲು ಪರೀಕ್ಷಾ ವರದಿಯನ್ನು ನೋಡಬೇಕು. ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕಿಟ್ ಮೂಲಕ ನೀರು ಪರೀಕ್ಷಿಸುವ ತರಬೇತಿ ನೀಡಬೇಕೆಂದು ಜಲ ಜೀವನ್ ಮಿಷನ್ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಊರಿನಲ್ಲಿ ಆ ಐವರು ಯಾರು, ಕಿಟ್ ಯಾರ ಮನೆಯಲ್ಲಿದೆ ಎಂದು ವಿಚಾರಿಸಿ.

ಹಾಗಾದರೆ ಆದ್ಯತೆಯನ್ನು ನಿರ್ಧರಿಸುವುದು ಹೇಗೆ? ಅಂಕಗಳ ಪಟ್ಟಿ, ನಮೂನೆಗಳು ತರಬೇತಿಯಲ್ಲಿ ದೊರೆಯುತ್ತವೆ. ಅವುಗಳ ಬಗ್ಗೆ ಇಲ್ಲಿ ಹೇಳುವುದಿಲ್ಲ. ಒಂದು ಬೇಡಿಕೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಇದನ್ನು ಒಂದು ವರ್ಷ ಮುಂದೂಡಿದರೆ ಆಗುವ ಹಾನಿಯನ್ನು ಆಮೇಲೆ ಸರಿಪಡಿಸಲು ಸಾಧ್ಯವೇ ಎಂಬುದು. ರಂಗಮಂದಿರ ಮುಂದಿನ ವರ್ಷವೂ ಆದೀತು. ಅಂಗನವಾಡಿಯ ಚಾವಣಿಯ ಕಬ್ಬಿಣ ತುಕ್ಕು ಹಿಡಿದು ಕಾಣುತ್ತಿದ್ದರೆ ಅದು ಮುಂದಿನ ವರ್ಷದವರೆಗೆ ಕಾಯುವುದಿಲ್ಲ. ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲದೆ ಒಬ್ಬ ಹುಡುಗಿ ಎಂಟನೇ ತರಗತಿಗೆ ಶಾಲೆ ಬಿಟ್ಟರೆ ಮುಂದಿನ ವರ್ಷ ಹಾಕಿಸುವ ನಲ್ಲಿ ಅವಳನ್ನು ಮರಳಿ ಕರೆತರುವುದಿಲ್ಲ. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳು ಇಂಥದ್ದನ್ನೇ ಹೇಳುತ್ತಾರೆ. ನಾವು ಬಿಸ್ಕತ್ತು ಹಂಚಿ, ಫೋಟೋ ತೆಗೆಸಿ ಕಳುಹಿಸುತ್ತೇವೆ. ಆ ನಡಾವಳಿಯನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವಂತೆ ಒತ್ತಾಯಿಸುವ ಅಧಿಕಾರ ನಿಮಗಿದೆ.

ಎರಡನೆಯದಾಗಿ, ಕಟ್ಟಿದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು, ಯಾವ ಹಣದಿಂದ ಎಂದು ಕೇಳಬೇಕು. ಬೀಗ ಬಿದ್ದ ಶುದ್ಧ ಕುಡಿಯುವ ನೀರಿನ ಘಟಕಗಳು, ಚಾಲಕರಿಲ್ಲದೆ ನಿಂತ ಕಸದ ವಾಹನಗಳು ಈ ಪ್ರಶ್ನೆ ಕೇಳದಿದ್ದುದರ ಫಲ. ನಿರ್ವಹಣೆಗೆ ಸ್ವಂತ ಸಂಪನ್ಮೂಲವೇ ಆಧಾರ. 400 ಮನೆಗಳ ಊರಿನಲ್ಲಿ ತಿಂಗಳಿಗೆ 100 ರೂಪಾಯಿಯಂತೆ ನೀರಿನ ಶುಲ್ಕ ಪೂರ್ತಿ ವಸೂಲಾದರೆ ವರ್ಷಕ್ಕೆ 4,80,000. ಅರ್ಧ ವಸೂಲಾದರೆ 2,40,000. ನೀರುಗಂಟಿಯ ವೇತನ, ಮೋಟಾರು ದುರಸ್ತಿ, ಕ್ಲೋರಿನ್ ಎಲ್ಲವೂ ಈ ವ್ಯತ್ಯಾಸದೊಳಗೆ ಅಡಗಿವೆ. ಸದಸ್ಯರು ಮೊದಲು ತಮ್ಮ ಮನೆಯ ಶುಲ್ಕ ಕಟ್ಟಿ, ರಸೀದಿಯನ್ನು ವಾರ್ಡ್ ಸಭೆಯಲ್ಲಿ ತೋರಿಸಿದ ಕಡೆ ವಸೂಲಿ ಸುಧಾರಿಸಿದ್ದನ್ನು ನೋಡಿದ್ದೇನೆ.

ಇನ್ನೊಂದು ಪ್ರಶ್ನೆ ಕಷ್ಟದ್ದು: ಈ ಪಟ್ಟಿಯಲ್ಲಿ ಯಾರ ಬೀದಿ ಪ್ರತಿ ವರ್ಷವೂ ಕೊನೆಗೆ ಉಳಿಯುತ್ತದೆ? ಪರಿಶಿಷ್ಟರ ಕಾಲೋನಿಯ ಸ್ಮಶಾನಕ್ಕೆ ದಾರಿಯಿಲ್ಲದೆ ಬೆಳೆದು ನಿಂತ ಹೊಲದ ಬದುವಿನ ಮೇಲೆ ಶವ ಹೊತ್ತು ಸಾಗಬೇಕಾದ ಊರುಗಳು ಇನ್ನೂ ಇವೆ. ಮತಗಳ ಸಂಖ್ಯೆಯಿಂದ ನೋಡಿದರೆ ಅದು ಚಿಕ್ಕ ಬೇಡಿಕೆ. ಬಹುಮತದ ಸಭೆಯಲ್ಲಿ ಅದು ಎಂದಿಗೂ ಮೊದಲ ಸ್ಥಾನಕ್ಕೆ ಬರುವುದಿಲ್ಲ. ಪರಿಶಿಷ್ಟರಿಗಾಗಿ ಮೀಸಲಿಡಬೇಕಾದ ಪಾಲು, ವಿಕಲಚೇತನರಿಗಾಗಿ ಇರುವ ಶೇ. 5, ಸಾಮಾಜಿಕ ನ್ಯಾಯ ಸಮಿತಿ ಇವೆಲ್ಲ ಇರುವುದು ಎಣಿಕೆಯಲ್ಲಿ ಸೋಲುವ ಇಂಥ ಬೇಡಿಕೆಗಳಿಗಾಗಿಯೇ. ಆ ಪಾಲನ್ನು ವರ್ಷದ ಕೊನೆಯಲ್ಲಿ ತರಾತುರಿಯಿಂದ ಏನನ್ನೋ ಕೊಂಡು ಮುಗಿಸುವ ಬದಲು, ಕಂದಾಯ ಇಲಾಖೆಯೊಡನೆ ಪತ್ರ ವ್ಯವಹಾರ ಮಾಡಿ ದಾರಿಯ ಅಳತೆ ಮಾಡಿಸಲು ಏಪ್ರಿಲ್‌ನಲ್ಲೇ ಆರಂಭಿಸಬೇಕು.

ಸಮ ಹಂಚಿಕೆಯನ್ನು ಬಿಟ್ಟರೆ ತಮ್ಮ ವಾರ್ಡಿಗೆ ಏನೂ ಸಿಗದೆಂಬ ಸದಸ್ಯರ ಆತಂಕ ಸಹಜವಾದುದು. ಅದಕ್ಕೆ ಒಂದು ಮಾರ್ಗವಿದೆ. ಅವಧಿಯ ಮೊದಲ ವರ್ಷದಲ್ಲೇ ಎಲ್ಲ ಊರುಗಳನ್ನೂ ಸದಸ್ಯರು ಒಟ್ಟಾಗಿ ನಡೆದು ನೋಡಿ, ಐದು ವರ್ಷಗಳ ದೊಡ್ಡ ಕಾಮಗಾರಿಗಳ ಕ್ರಮವನ್ನು ಗ್ರಾಮ ಸಭೆಯಲ್ಲಿ ಒಪ್ಪಿಸಿ, ಕಚೇರಿಯ ಗೋಡೆಯ ಮೇಲೆ ಬರೆಯಿಸುವುದು. ಮೂರನೆಯ ವರ್ಷ ತನ್ನ ಸರದಿ ಎಂದು ಗೋಡೆಯ ಮೇಲೆ ಬರೆದಿದ್ದರೆ ಸದಸ್ಯರು ಮತದಾರರಿಗೆ ಅದನ್ನೇ ತೋರಿಸಬಹುದು. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯನ್ನು ಪ್ರತಿ ವರ್ಷ ಸಿದ್ಧಪಡಿಸುವಾಗ ತುರ್ತು ಬದಲಾವಣೆಗೆ ಅವಕಾಶ ಇದ್ದೇ ಇರುತ್ತದೆ. ಎರಡು ಗ್ರಾಮ ಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಬಾರದೆಂದು ಕಾನೂನು ಹೇಳುತ್ತದೆ. ಕ್ರಮ ಬದಲಾದರೆ ಆ ಸಭೆಯಲ್ಲೇ ಕಾರಣ ಹೇಳಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ ನಡೆಯಬೇಕು; ಅದರ ಅಧ್ಯಕ್ಷತೆ ವಹಿಸುವವರು ಆ ವಾರ್ಡಿನ ಸದಸ್ಯರೇ. ಈ ಸಭೆಯನ್ನು ಕಡತದಲ್ಲಿ ಮಾತ್ರ ನಡೆಸಿದರೆ ನಷ್ಟ ಮೊದಲು ಸದಸ್ಯರಿಗೇ. ತಮ್ಮ ಬೇಡಿಕೆಯ ಬೆನ್ನಿಗೆ ಜನರಿದ್ದಾರೆಂದು ತೋರಿಸಲು ಬೇರೆ ವೇದಿಕೆ ಅವರಿಗಿಲ್ಲ.

ಸ್ಪರ್ಧಿಸಲು ಇಚ್ಛಿಸುವವರು ಕರಪತ್ರ ಅಚ್ಚು ಹಾಕಿಸುವ ಮುನ್ನ ಪಂಚಾಯಿತಿ ಕಚೇರಿಗೆ ಒಮ್ಮೆ ಬರಬೇಕೆಂದು ವಿನಂತಿ. ಕಳೆದ ಮೂರು ವರ್ಷಗಳ ಕ್ರಿಯಾ ಯೋಜನೆ, ತೆರಿಗೆ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ, ವಿದ್ಯುತ್ ಬಿಲ್ಲಿನ ಬಾಕಿ, ಲೆಕ್ಕ ಪರಿಶೋಧನಾ ವರದಿಯ ಆಕ್ಷೇಪಣೆಗಳು, ನೀರು ಪರೀಕ್ಷೆಯ ವರದಿ ಮತ್ತು ಹಿಂದಿನ ಗ್ರಾಮ ಸಭೆಗಳ ನಡಾವಳಿ ಸಾರ್ವಜನಿಕ ದಾಖಲೆಗಳು. ಯೋಜನೆ ಮತ್ತು ವೆಚ್ಚದ ವಿವರಗಳು ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿಯೂ ಲಭ್ಯವಿವೆ. ಕಚೇರಿಯಲ್ಲಿ ಕೊಡದಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದು; ಉತ್ತರಕ್ಕೆ 30 ದಿನಗಳ ಕಾಲಾವಕಾಶ ಇರುವುದರಿಂದ ಅಧಿಸೂಚನೆ ಹೊರಡುವವರೆಗೆ ಕಾಯುವುದು ಸೂಕ್ತವಲ್ಲ. ಹಾಲಿ ಸದಸ್ಯರು ಕೇಳಿದರೆ ಒಂದು ಪ್ರತಿ, ಎದುರಾಳಿ ಕೇಳಿದರೆ ಇನ್ನೊಂದು ಪ್ರತಿ ಎಂಬ ಭೇದ ಕಚೇರಿಯಲ್ಲಿ ಇರಕೂಡದು. ದಾಖಲೆ ಪಡೆದವರ ಹೆಸರು ಮತ್ತು ದಿನಾಂಕವನ್ನು ವಹಿಯಲ್ಲಿ ನಮೂದಿಸಿ ಸಹಿ ಪಡೆಯುವಂತೆ ಕಾರ್ಯದರ್ಶಿಗಳಿಗೆ ಹೇಳಿಡುವುದು ಉತ್ತಮ.